ತಳದ ಒಂದು ಮುಷ್ಟಿ

ಬಸ್ ಡಿಪೋದ ಜನರ ನಾಲಗೆಯನ್ನು ಮೆಚ್ಚಿಸಲು ಹೊರಟವರಿಗೆ ತಲೆ ಸರಿಯಿಲ್ಲ ಎಂದೇ ನನ್ನ ಅಭಿಪ್ರಾಯ. ದಿನವಿಡೀ ಡೀಸೆಲ್ ಹೊಗೆ ಕುಡಿದು ಬರುವ ಮಂದಿ. ಬೇಳೆ ಬೆಂದಿದೆಯೋ ಇಲ್ಲವೋ ಅನ್ನುವುದೂ ಅವರಿಗೆ ತಿಳಿಯದು, ಆದರೆ ತಟ್ಟೆ ತಳ್ಳಿ ಮೂತಿ ತಿರುಗಿಸುವುದು ಮಾತ್ರ ಚೆನ್ನಾಗಿ ಗೊತ್ತು. ಡಿಪೋದ ಕ್ಯಾಂಟೀನ್ ನನ್ನ ಕೈಗೆ ಬಂದ ಮೇಲೆ ನನ್ನ ಅಡುಗೆ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಅದೇ ಬೇಳೆ, ಅದೇ ತರಕಾರಿ ಸೂಪು, ಅದೇ ಬ್ರೆಡ್ಡು. ಕೊನೆಗೆ ಡಿಪೋ ಸಾಹೇಬರೇ ಕೌಂಟರಿನ ಮುಂದೆ ಬಂದು ನಿಂತರು.

"ನೋಡಮ್ಮ, ಹುಡುಗರು ಹೊರಗೆ ಹೋಗಿ ತಿಂದು ಬರ್ತಿದಾರೆ, ಬಸ್ಸುಗಳು ಲೇಟಾಗ್ತಿವೆ. ಚಳಿ ಶುರುವಾಗೋದ್ರೊಳಗೆ ರುಚಿ ಸರಿಹೋಗ್ಲಿಲ್ಲ ಅಂದ್ರೆ ನಾವು ಬೇರೆಯವರನ್ನ ನೋಡ್ಕೋತೀವಿ."

ಕ್ಯಾಂಟೀನ್ ಹೋದರೆ ಅದರ ಮೇಲಿನ ಕೋಣೆಯೂ ಹೋಗುತ್ತಿತ್ತು. ಆ ಕೋಣೆಯಲ್ಲಿ ನಾನೂ ನನ್ನಮ್ಮನೂ ಇದ್ದೆವು.

ಅಮ್ಮ ಒಂದು ಕಾಲಕ್ಕೆ ಪುಡಿ ಅಂಗಡಿ ಇಟ್ಟಿದ್ದವಳು. ಮೆಣಸು, ಶುಂಠಿ, ಕೊತ್ತಂಬರಿ ಬೀಜ, ಏನು ಬೇಕಾದರೂ ಕಲ್ಲಿನ ಒರಳಿನಲ್ಲಿ ತನ್ನ ಕೈಯಾರೆ ಕುಟ್ಟಿ ಮಾರುತ್ತಿದ್ದಳು. ನನ್ನ ಬಟ್ಟೆ, ಕೂದಲು, ಪುಸ್ತಕ, ಎಲ್ಲವೂ ಅಂಗಡಿಯ ವಾಸನೆ ಹೊಡೆಯುತ್ತಿದ್ದವು. ಶಾಲೆಯ ಪಿಶಾಚಿಗಳು ನನಗೆ 'ಲವಂಗ' ಎಂದು ಹೆಸರಿಟ್ಟವು. ನಾನು ಅಳುತ್ತಾ ಮನೆಗೆ ಬಂದರೆ ಅಮ್ಮ ನಕ್ಕು, ಅದೇ ಹೆಸರನ್ನು ಎತ್ತಿಕೊಂಡು, 'ಲವಂಗೂ' ಎಂದು ಮುದ್ದು ಮಾಡಿಬಿಟ್ಟಳು. ಬೇರೆಯವರು ಕರೆದರೆ ಬೈಗುಳ, ಅಮ್ಮ ಕರೆದರೆ ಮಡಿಲು. ಡಿಪೋದಲ್ಲಿ ನಾನು 'ಕ್ಯಾಂಟೀನ್ ಅಕ್ಕ'. ಆ ಇನ್ನೊಂದು ಹೆಸರನ್ನು ಅಲ್ಲಿ ಯಾರಿಗೂ ಹೇಳಿದವಳಲ್ಲ ನಾನು.

ಮರಗಳು ಎಲೆ ಉದುರಿಸಲು ತೊಡಗಿದಾಗ ಅಮ್ಮ ವರ್ಷಕ್ಕೊಮ್ಮೆ ಒಂದು ಪುಡಿ ಮಾಡುತ್ತಿದ್ದಳು. ಚಕ್ಕೆ, ಲವಂಗ, ಒಣಶುಂಠಿ, ಜಾಯಿಕಾಯಿ, ಜಾಪತ್ರೆ, ನಾಲ್ಕು ಏಲಕ್ಕಿ. ಅದಕ್ಕೆ ಅವಳು ಇಟ್ಟ ಹೆಸರು 'ಬೆಚ್ಚನೆ ಪುಡಿ'. ಅದನ್ನು ಯಾರಿಗೂ ಮಾರುತ್ತಿರಲಿಲ್ಲ. ಅಪ್ಪ ಬದುಕಿದ್ದಾಗ ಹಾಲಿಗೆ, ಬ್ರೆಡ್ಡಿಗೆ, ಎಲ್ಲದಕ್ಕೂ ಹಾಕಿಕೊಂಡು ತಿನ್ನುತ್ತಿದ್ದ. ಕೊನೆಕೊನೆಗೆ ಅವನು ಅಮ್ಮನ ಹಾಗೇ ನಗುತ್ತಿದ್ದ, ಅಮ್ಮನ ಹಾಗೇ ಸೀನುತ್ತಿದ್ದ. ಗಂಡ ಹೆಂಡತಿ ಬಹಳ ಕಾಲ ಕೂಡಿ ಬಾಳಿದರೆ ಹೀಗೇ ಎಂದು ಜನ ನಕ್ಕರು. ನಾನು ಮಾತ್ರ ಆ ಪುಡಿಯನ್ನು ಬಾಯಿಗೆ ಹಾಕಲಿಲ್ಲ. ಶಾಲೆಯ ಸಿಟ್ಟು ನೋಡಿ, ಮೂಗಿನಲ್ಲೇ ಉಳಿದುಬಿಟ್ಟಿತ್ತು. ಅಪ್ಪ ಹೋದ ಮೇಲೂ ಅಮ್ಮ ವರ್ಷ ವರ್ಷ ಕುಟ್ಟಿದಳು. ತಿನ್ನುವವರಿಲ್ಲದೆ ಭರಣಿ ಕುತ್ತಿಗೆಯವರೆಗೂ ತುಂಬಿ ಕೂತಿತ್ತು. ಈಚೆಗೆ ಅವಳ ಕೈ ನಡುಗುತ್ತಿತ್ತು, ಕುಟ್ಟುವುದು ನಿಂತಿತ್ತು. ಆದರೆ ಬುದ್ಧಿ ಮಾತ್ರ ಕತ್ತರಿ.

ಸಾಹೇಬರು ಹಾಗೆ ಹೇಳಿದ ದಿನ ನಾನು ಮೇಲೆ ಹೋಗಿ ಸೀದಾ ಭರಣಿಯ ಬಾಯಿಬಟ್ಟೆ ಬಿಚ್ಚಿದೆ.

"ಬೇಡ ಕಣೆ ಲವಂಗೂ," ಎಂದಳು ಅಮ್ಮ. "ಅದು ಮನೆಯವರಿಗೆ."

"ಮನೆಯವರು ಅಂದ್ರೆ ಯಾರಮ್ಮ? ನೀನು, ನಾನು. ನಾನು ತಿನ್ನಲ್ಲ, ನಿನಗೆ ಖಾರ ಆಗಲ್ಲ. ಭರಣಿ ತುಂಬಾ ಇಟ್ಕೊಂಡು ಮುಖ ನೋಡ್ತಾ ಕೂರೋದಾ?"

"ಕುಟ್ಟಿದೋರ ಕೈ ಪುಡೀಲಿ ಇಳಿದಿರುತ್ತೆ. ತಿಂದೋರಿಗೆ ಅದು ಸೇರುತ್ತೆ. ಊರೋರಿಗೆಲ್ಲ ಯಾಕೆ ಹಂಚ್ತೀಯಾ?"

"ರುಚಿ ಹಂಚಿದ್ರೆ ಪುಣ್ಯ ಬರುತ್ತೆ ಬಿಡು. ಈ ಕೋಣೆ ಹೋದ್ರೆ ಭರಣಿ ತಲೆ ಮೇಲೆ ಹೊತ್ಕೊಂಡು ಬೀದೀಲಿ ನಿಲ್ಬೇಕಾಗುತ್ತೆ."

ಅವಳು ಬಾಯಿಬಟ್ಟೆಯನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ಆಯ್ತು, ತಳ ಮಾತ್ರ ಮುಟ್ಟಬೇಡ. ಮೇಲಿಂದು ನಂದು, ತಳದ್ದು ನಮ್ಮಮ್ಮಂದು," ಎಂದಳು. ತಳದಲ್ಲಿ ಒಂದು ಮುಷ್ಟಿ ಪುಡಿಯಿದೆ, ಅದರ ಮೇಲೆ ದುಂಡಗೆ ಕತ್ತರಿಸಿದ ಒಂದು ಬಟ್ಟೆ ಹಾಸಿದೆ ಎಂದು ನನಗೆ ಗೊತ್ತಿತ್ತು. ಅಜ್ಜಿಯನ್ನು ನಾನು ನೋಡಿದವಳಲ್ಲ. ಅವಳು ಎಡಚಿ, ಬಾಯಿ ಜೋರು, ಅಷ್ಟೇ ಕೇಳಿದ್ದೆ.

ಮಾರನೆಯ ದಿನ ಸಿಹಿಗುಂಬಳವನ್ನು ಸಿಪ್ಪೆಸಮೇತ ಒಲೆಯೊಳಗೆ ಇಟ್ಟು, ಅಂಚು ಕಪ್ಪಾಗುವವರೆಗೆ ಸುಟ್ಟೆ. ತಿರುಳು ಕೆರೆದು, ಬೆಳ್ಳುಳ್ಳಿಯ ಜೊತೆ ಅರೆದು, ದಪ್ಪಗೆ ಸೂಪು ಮಾಡಿ, ಒಲೆ ಆರಿಸಿದ ಮೇಲೆ ಒಂದು ಚಮಚ ಬೆಚ್ಚನೆ ಪುಡಿ ಉದುರಿಸಿ ಮುಚ್ಚಿಟ್ಟೆ. ಉಪ್ಪು ನೋಡಿದ್ದು ಪುಡಿ ಹಾಕುವ ಮೊದಲೇ. ಮುಚ್ಚಳ ತೆಗೆದಾಗ ಹಬೆ ಊಟದ ಹಾಲ್‌ಗೆಲ್ಲ ಹರಡಿತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು.

ಟೈರು ಕಳಚಿ ಹಾಕುವ ಆಳು, ನಾವೆಲ್ಲ ಟೈರಣ್ಣ ಅನ್ನುವವನು, ಬಟ್ಟಲು ನೆಕ್ಕುವುದೊಂದು ಬಾಕಿ. ಕತ್ತೆಗೂ ಕಸ್ತೂರಿ ಪರಿಮಳ ಹತ್ತಿತು ಎಂದು ನಾನು ಒಳಗೇ ನಕ್ಕೆ. ಹೋಗುವಾಗ ಅವನು ಮನೆಗೆಂದು ಬ್ರೆಡ್ಡು ಕಟ್ಟಿಸಿಕೊಂಡ. ನಾನು ದಾರ ಹರಿದು ಕೊಟ್ಟೆ. ಅವನು ಅದನ್ನು ಪೊಟ್ಟಣಕ್ಕೆ ಸುತ್ತಿ, ಒಂದು ಸಲ ಕೆಳಗಿನಿಂದ ತೂರಿಸಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಪಕ್ಕಕ್ಕೆ ಎಳೆದ. ಪುಡಿ ಚೀಲದ ಗಂಟು ಅದು. ಅಮ್ಮನ ಗಂಟು. ಎಷ್ಟು ಸಲ ಹೇಳಿಕೊಟ್ಟರೂ ನನಗೇ ಬಾರದ ಗಂಟು.

"ಇದೆಲ್ಲಿ ಕಲಿತ್ಯೋ ಟೈರಣ್ಣ?"

ಅವನು ತನ್ನ ಕೈ ನೋಡಿಕೊಂಡ. "ಅದೇ ನಾನೂ ನೋಡ್ತಿದೀನಿ ಅಕ್ಕ. ನನಗೆ ಷೂ ಲೇಸು ಕಟ್ಟೋಕೂ ಹೆಂಡ್ತಿ ಬೇಕು."

ಸಂಜೆ ಮೇಲೆ ಹೋದರೆ ಭರಣಿಯ ಬಾಯಿ ತೆರೆದೇ ಇತ್ತು. ಅಮ್ಮ ದಾರ ಹಿಡಿದು ಕೂತಿದ್ದಳು. ದಿನಾ ಸಂಜೆ ಆ ಬಾಯಿಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟುವುದು ಅವಳ ಅಭ್ಯಾಸ.

"ಲವಂಗೂ, ಇದನ್ನ ಹೇಗೆ ಕಟ್ಟೋದು?"

ಕೈ ನಡುಕ ಹೆಚ್ಚಾಗಿದೆ ಎಂದುಕೊಂಡು ನಾನೇ ಹೇಗೋ ಕಟ್ಟಿದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಗಂಟು ಹಾಕುವುದನ್ನು ಮೊದಲ ಸಲ ನೋಡುವ ಮಗುವಿನ ಹಾಗಿತ್ತು ಆ ನೋಟ.

ಕ್ಯಾಂಟೀನ್ ಮಾತ್ರ ಎದ್ದು ನಿಂತಿತು. ನನಗೂ ಹುಚ್ಚು ಹತ್ತಿತು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕಂದುಬಣ್ಣಕ್ಕೆ ತಿರುಗುವವರೆಗೆ ಬಾಡಿಸಿ, ಪುಡಿ ಬೆರೆಸಿ ಬೇಳೆಯ ಮೇಲೆ ಸುರಿದೆ. ಬೆಂದ ಕಡಲೆಯನ್ನು ಎಣ್ಣೆಯಲ್ಲಿ ಗರಿಗರಿ ಹುರಿದು, ಬಿಸಿಯಿರುವಾಗಲೇ ಪುಡಿಯಲ್ಲಿ ಹೊರಳಿಸಿದೆ. ಗೆಣಸಿನ ಬಿಲ್ಲೆಗಳಿಗೆ ಬೆಣ್ಣೆಯ ಜೊತೆ ಸವರಿದೆ. ಬ್ರೆಡ್ಡಿನ ಹಿಟ್ಟಿಗೆ ಒಣದ್ರಾಕ್ಷಿಯ ಜೊತೆ ಕಲಸಿದೆ. ಚಹಾಕ್ಕೆ ಚಿಟಿಕೆ ಸಾಕು, ಹೆಚ್ಚಾದರೆ ಕಷಾಯ. ಅಡುಗೆ ಅಂದರೆ ಹೀಗಿರಬೇಕು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹೊರಗೆ ಹೋಗಿ ತಿನ್ನುತ್ತಿದ್ದ ದೊಡ್ಡ ಮನುಷ್ಯರೆಲ್ಲ ಬಾಲ ಮುದುರಿಕೊಂಡು ವಾಪಸ್ ಬಂದರು.

ಸೀಟಿಯಕ್ಕ ಎಂದರೆ ನಮ್ಮ ಡಿಪೋದ ಕಂಡಕ್ಟರ್ ಹೆಂಗಸು. ಅವಳ ಸೀಟಿಗೆ ಹಕ್ಕಿಗಳೂ ಹಾರಿಹೋಗುತ್ತವೆ. ಅವಳು ಒಂದು ಮಧ್ಯಾಹ್ನ ಕೈ ತೊಳೆಯುತ್ತಾ ಗುನುಗುತ್ತಿದ್ದಳು. ಮಾತಿಲ್ಲದ ರಾಗ. ಎಳೆದೆಳೆದು ಬಂದು, ಒಂದು ಕಡೆ ಥಟ್ಟನೆ ನಿಂತು, ಮತ್ತೆ ಶುರುವಾಗುತ್ತದೆ. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಯಾವ ಹಾಡು ಅದು?"

"ಗೊತ್ತಿಲ್ಲ ಕಣೆ. ನಿನ್ನೆಯಿಂದ ಬಾಯಿಗೆ ಹತ್ಕೊಂಡಿದೆ. ಒಂದು ಕಡೆ ಉಸಿರು ತಾನೇ ನಿಂತು ಹೋಗುತ್ತೆ, ನೋಡು. ಅಲ್ಲಿ ಏನೋ ಬೀಳಬೇಕು ಅನ್ಸುತ್ತೆ."

ಅಲ್ಲಿ ಒನಕೆ ಬೀಳಬೇಕು. ಅಮ್ಮ ಕುಟ್ಟುವಾಗ ಗುನುಗುತ್ತಿದ್ದ ರಾಗ ಅದು. ಕುಟ್ಟುವುದು ನಿಂತ ಮೇಲೂ ಕಿಟಕಿಯ ಬಳಿ ಕೂತು ಗುನುಗುತ್ತಿದ್ದಳು. ನಾನು ಮೆಟ್ಟಿಲು ಹತ್ತಿ ಹೋದೆ. ಅಮ್ಮ ಕಿಟಕಿಯ ಬಳಿಯೇ ಇದ್ದಳು, ತುಟಿ ಮುಚ್ಚಿತ್ತು. "ಅಮ್ಮ, ಆ ಕುಟ್ಟೋ ಹಾಡು ಹೇಳು," ಎಂದೆ. "ಯಾವ ಹಾಡೇ?" ಎಂದಳು.

ಮಾರನೆಯ ದಿನ ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಕಣ್ಣಿಗೆ ಟಾರ್ಚು ಬಿಟ್ಟು, ನಾಲಗೆ ನೋಡಿ, "ವಯಸ್ಸಾಯ್ತಲ್ಲಮ್ಮ," ಎಂದರು. ಅಷ್ಟು ಹೇಳುವುದಕ್ಕೆ ಅಷ್ಟು ಓದಬೇಕಿತ್ತೇ? ಆದರೂ ಆ ಮಾತು ನನಗೆ ಬೇಕಾಗಿತ್ತು. ವಯಸ್ಸು ಎಂದುಕೊಂಡು ಮಲಗಿದೆ, ವಯಸ್ಸು ಎಂದುಕೊಂಡು ಎದ್ದೆ, ಮತ್ತೆ ಭರಣಿಗೆ ಚಮಚ ಇಳಿಸಿದೆ.

ಒಂದು ದಿನ ಊಟದ ಹಾಲ್ ತುಂಬಿತ್ತು. ಬಿಸಿಲು ಉದ್ದನೆಯ ಬೆಂಚುಗಳ ಮೇಲೆ ಬಿದ್ದಿತ್ತು. ನಾನು ಕೌಂಟರಿನ ಹಿಂದೆ ಬ್ರೆಡ್ಡು ಕೊಯ್ಯುತ್ತಿದ್ದೆ. 'ಟಕ್' ಎಂದು ಒಂದೇ ಸದ್ದಾಯಿತು. ತಲೆ ಎತ್ತಿದೆ. ಸಾಲಾಗಿ ಕೂತ ಅಷ್ಟೂ ಜನ, ಡ್ರೈವರುಗಳು, ಮೆಕ್ಯಾನಿಕ್ಕುಗಳು, ಬಸ್ಸು ತೊಳೆಯುವವರು, ಹೆಬ್ಬೆರಳಿನ ಪಕ್ಕದಿಂದ ಬಟ್ಟಲಿನ ಅಂಚು ಒರೆಸಿ, ಬೆರಳನ್ನು ಮೇಜಿಗೆ ತಟ್ಟುತ್ತಿದ್ದರು. ಒಟ್ಟಿಗೆ. ಮತ್ತೆ ಒರೆಸಿದರು. ಟಕ್. ಯಾರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಅಳತೆಯ ಬಟ್ಟಲಿನ ಅಂಚಿಗೆ ಹತ್ತಿದ ಪುಡಿಯನ್ನು ಅಮ್ಮ ಒರಳಿಗೆ ಕೊಡವುತ್ತಿದ್ದದ್ದು ಹೀಗೆಯೇ.

"ಏಯ್, ಏನ್ರೋ ಅದು ಆಟ?" ಎಂದು ಗದರಿದೆ. ಎಲ್ಲರೂ ಎಚ್ಚೆತ್ತವರಂತೆ ನಕ್ಕು ಮಾತಿಗೆ ತೊಡಗಿದರು. ಆಗಲೇ ನಿಲ್ಲಿಸಬೇಕಿತ್ತು. ಆದರೆ ಸಾಹೇಬರು ಅದೇ ವಾರ ಕ್ಯಾಂಟೀನ್ ನಿನಗೇ ಎಂದಿದ್ದರು, ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಸಾಹೇಬರಿಗೆಂದೇ ಏನಾದರೂ ವಿಶೇಷ ಮಾಡಬೇಕು ಅನ್ನಿಸಿತು.

ಸೇಬಿನ ನಡುವೆ ಬೀಜ ತೆಗೆದು, ಆ ಕುಳಿಯಲ್ಲಿ ಬೆಣ್ಣೆ, ಬೆಲ್ಲ, ಮುರಿದ ಬಾದಾಮಿ, ಮೇಲಿಂದ ಧಾರಾಳವಾಗಿ ಬೆಚ್ಚನೆ ಪುಡಿ. ಒಲೆಯಲ್ಲಿ ಸಿಪ್ಪೆ ಬಿರಿಯುವವರೆಗೆ ಬೇಯಿಸಬೇಕು. ಉಳಿದವರಿಗೂ ಸಿಗಲೆಂದು ಒಂದು ದೊಡ್ಡ ತಟ್ಟೆಯ ತುಂಬ ಮಾಡಿದೆ. ಅವತ್ತು ಬೆಳಿಗ್ಗೆ ಚಮಚ ಭರಣಿಯೊಳಗೆ ಬಟ್ಟೆಗೆ ತಾಗಿತ್ತು. ಅಮ್ಮನ ಪುಡಿ ಮುಗಿದಿತ್ತು.

ಸಾಹೇಬರು ಕೌಂಟರಿನ ಬಳಿಯೇ ನಿಂತು ಸೇಬು ತಿಂದರು. ತಿನ್ನುತ್ತಾ ತಿನ್ನುತ್ತಾ ನನ್ನ ಎಡಗೈಯನ್ನೇ ನೋಡತೊಡಗಿದರು. ನಾನು ಯಾವಾಗಲೂ ಉದ್ದ ತೋಳಿನ ರವಿಕೆ ಹಾಕುವವಳು.

"ಕೈ ಈಗ ಹೇಗಿದೆ? ಚಳಿಗೆ ಎಳೆಯುತ್ತಾ?"

"ಯಾವ ಕೈ ಸಾರ್?"

"ಬಾಣಲೆ ನಾನು ಅಲ್ಲಿ ಇಡಬಾರದಿತ್ತು," ಎಂದರು. ಕಣ್ಣಲ್ಲಿ ನೀರು ತುಂಬಿತ್ತು. "ಜಾಯಿಕಾಯಿ ತಗೊಳೋಕೆ ಅಂತ ತಿರುಗಿದೆ, ಅಷ್ಟೇ. ಅಷ್ಟರಲ್ಲಿ ನೀನು ತೆವಳಿಕೊಂಡು ಬಂದಿದ್ದೆ. ಆ ಕೂಗು ಇವತ್ತಿಗೂ ಕಿವೀಲಿದೆ." ಆಮೇಲೆ ಚಮಚ ಕೆಳಗಿಟ್ಟು ಕಣ್ಣು ಮಿಟುಕಿಸಿದರು. "ನಾನೇನೋ ಹೇಳ್ತಿದ್ನಲ್ಲ?"

ಮೆಟ್ಟಿಲನ್ನು ಹೇಗೆ ಹತ್ತಿದೆನೋ ತಿಳಿಯದು. ಅಮ್ಮನ ಮುಂದೆ ಮಂಡಿಯೂರಿ ರವಿಕೆಯ ತೋಳು ಮೇಲೆತ್ತಿ, ಮೊಣಕೈವರೆಗೆ ಸುಕ್ಕುಗಟ್ಟಿದ ಆ ಹಳೆಯ ಕಲೆಯನ್ನು ತೋರಿಸಿದೆ. ಆ ಕಲೆಯನ್ನು ನೋಡಿದಾಗಲೆಲ್ಲ ಮುಖ ತಿರುಗಿಸುತ್ತಿದ್ದವಳು ಅವಳು.

"ಅಮ್ಮ, ಇದೇನು?"

ಅವಳು ಮೆಲ್ಲಗೆ ಬೆರಳಾಡಿಸಿದಳು. "ಅಯ್ಯೋ ನನ್ನ ಕಂದ! ಯಾರೇ ಸುಟ್ಟಿದ್ದು? ಹೇಳು ಲವಂಗೂ, ಯಾರು?"

ಅವಳ ಮುಖದಲ್ಲಿ ಮರುಕ ಇತ್ತು, ನೆನಪಿರಲಿಲ್ಲ. ಎಲ್ಲವೂ ಒಮ್ಮೆಲೇ ನನಗೆ ಅರ್ಥವಾಯಿತು. ಗಂಟು ಟೈರಣ್ಣನ ಕೈಗೆ ಹೋಗಿತ್ತು, ಹಾಡು ಸೀಟಿಯಕ್ಕನ ಬಾಯಿಗೆ, ನನ್ನ ಗಾಯ ಸಾಹೇಬರ ಎದೆಗೆ. ನಾನು ಚಮಚ ಚಮಚವಾಗಿ ನನ್ನ ಹೆತ್ತವಳನ್ನು ಡಿಪೋದವರಿಗೆ ಬಡಿಸಿದ್ದೆ. ಅವಳಲ್ಲಿ ಇನ್ನು ಉಳಿದಿದ್ದು ನನ್ನ ಹೆಸರೊಂದೇ. ಮತ್ತು ಕೆಳಗೆ ಸೇಬಿನ ತಟ್ಟೆ ಇನ್ನೂ ಖಾಲಿಯಾಗಿರಲಿಲ್ಲ.

ಓಡಿದೆ. ಊಟದ ಹಾಲ್‌ನಲ್ಲಿ ಕಂಡವರ ಕೈಯಿಂದೆಲ್ಲ ಬಟ್ಟಲು ಕಿತ್ತುಕೊಂಡೆ. "ಅಕ್ಕನಿಗೆ ದೆವ್ವ ಬಡೀತು!" ಎಂದು ಯಾರೋ ನಕ್ಕರು. ಸೇಬಿನ ತಟ್ಟೆ ಅಷ್ಟರಲ್ಲಿ ಬರಿದಾಗಿತ್ತು, ಬಟ್ಟಲುಗಳೆಲ್ಲ ಖಾಲಿಯೇ. ಮೂಲೆಯ ಬೆಂಚಿನಲ್ಲಿ ಒಬ್ಬ ಮಾತ್ರ ಇನ್ನೂ ತಿನ್ನುತ್ತಿದ್ದ. ದಪ್ಪ ಮೀಸೆಯ ಡ್ರೈವರ್, ಗಾಡಿಯನ್ನು ಮೂರನೇ ಗೇರಿನಿಂದ ಮೇಲೆ ಏರಿಸಿದವನಲ್ಲ, ಹಾಗೆಂದು ಒಂದು ದಿನವೂ ತಡವಾಗಿ ಹೊರಟವನಲ್ಲ. ಅದಕ್ಕೇ ಅವನಿಗೆ ಮೂರನೇ ಗೇರು ಎಂದೇ ಹೆಸರು. ಊಟವೂ ಹಾಗೇ, ನಿಧಾನ. ಕೊನೆಯ ತುತ್ತು ಬಾಯಲ್ಲಿತ್ತು.

"ಉಗುಳು! ಉಗುಳಯ್ಯಾ! ನುಂಗಬೇಡ!"

ಅವನ ಗಂಟಲಿನ ಮಣಿ ಒಮ್ಮೆ ಮೇಲೇರಿ ಇಳಿಯಿತು. ಮೀಸೆ ಒರೆಸಿಕೊಂಡು, ತಲೆ ಒಂದು ಪಕ್ಕಕ್ಕೆ ವಾಲಿಸಿ ನನ್ನನ್ನು ನೋಡಿದ.

"ಯಾಕೆ ಲವಂಗೂ ಹೀಗೆ ಕಿರುಚ್ತೀಯ? ಗಂಟಲು ಕಟ್ಟುತ್ತೆ ಕಣೆ."

ದನಿ ಗಂಡಸಿನದು, ಬೀಡಿ ಸೇದಿ ಒಡೆದ ದನಿ. ಮಾತಿನ ಎಳೆತ ಅಮ್ಮನದು. ಹಾಲ್‌ನಲ್ಲಿ ನಗು ನಿಂತಿತು. ಎಲ್ಲ ಬೆಂಚುಗಳಿಂದ ಎಲ್ಲರೂ ತಲೆಯನ್ನು ಅದೇ ಪಕ್ಕಕ್ಕೆ ವಾಲಿಸಿ ನನ್ನನ್ನು ನೋಡುತ್ತಿದ್ದರು. ಆ ನೋಟದಲ್ಲಿ ಪ್ರೀತಿಯಿತ್ತು. ಅದೇ ನನಗೆ ತಡೆಯಲಾಗಲಿಲ್ಲ.

ಮೇಲೆ ಹೋದರೆ ಅಮ್ಮ ಎದ್ದು ನಿಂತು ಕುರ್ಚಿ ತೋರಿಸಿದಳು. "ಬನ್ನಿ, ಕೂತ್ಕೊಳ್ಳಿ. ತಮಗೆ ಯಾರು ಬೇಕಿತ್ತು?" ಎಂದಳು. ನನ್ನಮ್ಮ ಜೀವಮಾನದಲ್ಲಿ ನನಗೆ ಬಹುವಚನ ಹಚ್ಚಿದವಳಲ್ಲ. ನಾನು ನೆಲದ ಮೇಲೆ ಕೂತು ಬಾಯಿಬಿಟ್ಟು ಅತ್ತೆ. ಅವಳು ಯಾರೋ ಪರಿಚಯವಿಲ್ಲದ ಹೆಂಗಸನ್ನು ಸಮಾಧಾನ ಮಾಡುವ ಹಾಗೆ, ದೂರದಿಂದಲೇ ನೀರಿನ ಲೋಟ ಚಾಚಿದಳು.

ಆಮೇಲೆ ಅವಳು ತೊಳೆದಿಟ್ಟ ಪಾತ್ರೆಯ ಹಾಗೆ ಕೂತಳು. ಕೊಟ್ಟರೆ ಉಣ್ಣುತ್ತಾಳೆ, ಮಲಗು ಅಂದರೆ ಮಲಗುತ್ತಾಳೆ. ಕೆಳಗೆ ಮೂರನೇ ಗೇರು ಸರದಿಯಲ್ಲಿ ನಿಂತು ತಟ್ಟೆ ಚಾಚಿದಾಗೊಮ್ಮೆ, "ಸೊರಗಿದೀಯ ಲವಂಗೂ, ಉಂಡ್ಯಾ?" ಎನ್ನುತ್ತಾನೆ. ಮರುಗಳಿಗೆ ನಾಚಿ ತಲೆ ತಗ್ಗಿಸುತ್ತಾನೆ. "ಕ್ಯಾಂಟೀನ್ ಅಕ್ಕ, ತಪ್ಪು ತಿಳೀಬೇಡ. ನಿದ್ದೇಲೂ ಯಾರನ್ನೋ ಕೂಗ್ತೀನಂತೆ, ಹೆಂಡ್ತಿ ಮಾತು ಬಿಟ್ಟಿದಾಳೆ. ನನ್ನ ಮಗಳ ಹೆಸರು ಬಾಯಿಗೆ ಬರಲ್ಲ, ಈ ಹೆಸರು ಬರುತ್ತೆ." ಅವನಿಗೆ ಏನೆಂದು ಹೇಳಲಿ? ನೀನು ತಿಂದದ್ದನ್ನು ಕಕ್ಕು ಎಂದು ಹೇಳಲೇ?

ನಾನೂ ಒಂದೇ ಒಂದು ಚಮಚ ತಿಂದಿದ್ದರೆ ಅವಳ ಒಂದು ಚೂರಾದರೂ ಮನೆಯಲ್ಲಿ ಉಳಿಯುತ್ತಿತ್ತಲ್ಲ ಎಂದು ಹೊಟ್ಟೆ ಉರಿಯಿತು. ಅಷ್ಟು ಹಠ ಯಾಕೆ ಬೇಕಿತ್ತು ನನಗೆ? ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತು. ಆಗ ನನಗೆ ತಳದ ಮುಷ್ಟಿ ನೆನಪಾಯಿತು. ಅದು ಅಜ್ಜಿಯ ಕೈಯ ಪುಡಿ. ತಾಯಿಯ ಪುಡಿಯಲ್ಲಿ ಮಗಳು ಇದ್ದೇ ಇರುತ್ತಾಳಲ್ಲವೇ? ಅದನ್ನು ಅಮ್ಮನಿಗೆ ಉಣಿಸಿದರೆ, ತಾನು ಯಾರು ಎಂಬುದಾದರೂ ಅವಳಿಗೆ ತಿಳಿದೀತು. ತಾನು ಯಾರೆಂದು ತಿಳಿದರೆ ನಾನು ಯಾರೆಂದೂ ಒಂದು ದಿನ ತಿಳಿದೀತು. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ.

ಬಟ್ಟೆಯ ಬಿಲ್ಲೆಯನ್ನು ಎತ್ತಿದೆ. ಕೆಳಗಿದ್ದ ಪುಡಿ ಕಪ್ಪಾಗಿತ್ತು, ಆದರೂ ಘಮ ಮುಖಕ್ಕೆ ಹೊಡೆಯಿತು. ಸೇಬನ್ನು ತುರಿದು, ಹಾಲಿನಲ್ಲಿ ಬೇಯಿಸಿ, ಆ ಮುಷ್ಟಿಯನ್ನು ಪೂರ್ತಿ ಹಾಕಿದೆ. ಅಮ್ಮ ಬಟ್ಟಲು ಖಾಲಿ ಮಾಡಿದಳು. ಅರ್ಧಕ್ಕೆ ಬಂದಾಗ ಚಮಚವನ್ನು ಎಡಗೈಗೆ ಬದಲಾಯಿಸಿಕೊಂಡಳು.

ಅವಳ ಗೂನುಬೆನ್ನು ನೆಟ್ಟಗಾಯಿತು. ಗದ್ದ ಮುಂದೆ ಬಂತು. ಎಡಗೈ ಸೊಂಟದಲ್ಲಿ ಇಲ್ಲದ ಬೀಗದ ಕೈ ಗೊಂಚಲನ್ನು ತಡಕಿತು. ನಡುಕ ಒಂದಿಷ್ಟೂ ಇರಲಿಲ್ಲ.

"ತಳ ಮುಟ್ಟಿದೋರು ಯಾರು?" ಎಂದಳು. ನಾನು ಹುಟ್ಟಿದಾಗಿನಿಂದ ಕೇಳದ ದನಿ.

"ನಾನೇ."

"ನೀನ್ಯಾರೇ? ಈ ಪುಡಿ ಯಾವತ್ತಾದ್ರೂ ಉಂಡಿದೀಯಾ?"

"ಇಲ್ಲ."

"ಹಾಗಾದ್ರೆ ಹೊರಗಿನೋಳು. ಹೊಸಿಲಾಚೆ ನಿಲ್ಲು. ನನ್ನ ಮಗಳೆಲ್ಲಿ? ಅಂಗಡಿ ಬಾಗಿಲು ಹಾಕ್ಕೊಂಡು ಬಾ ಅಂದ್ರೆ ಇಷ್ಟು ಹೊತ್ತಾ? ಕರಿ ಅವಳನ್ನ!"

ಅವಳ ಮಗಳು ಅವಳೇ ಎಂದು ಹೇಳುವುದು ಹೇಗೆ? ನಾನು ಹೊಸಿಲಾಚೆ ನಿಂತೆ. ಒಳಗೆ ಕಾಲಿಟ್ಟರೆ ಅಮ್ಮನ ಬಾಯಿಂದಲೇ ಅಜ್ಜಿ ಬೈಯುತ್ತಾಳೆ. ಅಂದಿನಿಂದ ಊಟವನ್ನು ಬಾಗಿಲಲ್ಲೇ ಇಟ್ಟು ಸರಿಯುವುದು, ಮೆಟ್ಟಿಲ ಮೇಲೆ ಚಾಪೆ ಹಾಸಿ ಮಲಗುವುದು. ಅವಳು ಹಗಲೆಲ್ಲ ಬಾಗಿಲನ್ನೇ ನೋಡುತ್ತಾ ಮಗಳನ್ನು ಕೂಗುತ್ತಿದ್ದಳು. ಆ ಕೂಗು ಕಿಟಕಿಯಿಂದ ಡಿಪೋದ ಅಂಗಳಕ್ಕೆ ಇಳಿಯುತ್ತಿತ್ತು. ಟೈರಣ್ಣ ಸ್ಪ್ಯಾನರ್ ಹಿಡಿದು ಮೇಲೆ ನೋಡುತ್ತಿದ್ದ. ಸಾಹೇಬರ ಕೋಣೆಯ ಬಾಗಿಲು ತೆರೆಯುತ್ತಿತ್ತು. ಎಲ್ಲರೂ ಯಾರೋ ತಮ್ಮನ್ನೇ ಕರೆದಂತೆ ನಿಂತುಬಿಡುತ್ತಿದ್ದರು.

ಒಂದು ಸಂಜೆ, ಚಹಾದ ಹೊತ್ತು ಕಳೆದಿತ್ತು. ನಾನು ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದೆ. ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಮೂರನೇ ಗೇರು. ಅವನು ಈ ಮೆಟ್ಟಿಲು ಹತ್ತಿದವನೇ ಅಲ್ಲ. ಆದರೂ ಅಮ್ಮ ಬಿಡುತ್ತಿದ್ದ ಮೆಟ್ಟಿಲ ಮೇಲೆಯೇ ಚಪ್ಪಲಿ ಬಿಟ್ಟ, ಸಡಿಲವಾಗಿ ಅಲುಗಾಡುವ ಮೆಟ್ಟಿಲನ್ನು ನೋಡದೆಯೇ ದಾಟಿದ. ನನ್ನ ಪಕ್ಕದಿಂದ ಒಳಗೆ ಹೋದ. ಕಾಕಿ ಅಂಗಿ, ಬೆವರು, ಡೀಸೆಲ್ ವಾಸನೆ.

ಅವಳು ತಲೆ ಎತ್ತಿದಳು. "ಬಂದ್ಯಾ ಮಗಳೇ?"

"ಬಂದೆ ಅಮ್ಮ," ಎಂದ ಮೂರನೇ ಗೇರು. ಅವಳ ಕಾಲ ಬಳಿ ಕಾಲು ಮಡಚಿ ಕೂತ. "ಅಂಗಡಿ ಬಾಗಿಲು ಹಾಕೋದು ಹೊತ್ತಾಯ್ತು."

ಅವಳು ತನ್ನ ಎಡಗೈಯನ್ನು ಅವನ ಬೊಕ್ಕತಲೆಯ ಮೇಲಿಟ್ಟು, ಇಲ್ಲದ ಜಡೆಯನ್ನು ಸರಿಪಡಿಸುವವಳಂತೆ ಬೆನ್ನವರೆಗೂ ಸವರಿದಳು. ಅವನು ಕಣ್ಣು ಮುಚ್ಚಿಕೊಂಡ. ನನ್ನ ಕಾಲು ಹೊಸಿಲಾಚೆಯೇ ಅಂಟಿಕೊಂಡಿತ್ತು. ನಿಜ ಹೇಳುತ್ತೇನೆ, ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ಅವನು ಕಣ್ಣು ತೆರೆದು ಬಾಗಿಲ ಕಡೆ ತಿರುಗಿದ. ತಲೆ ಒಂದು ಪಕ್ಕಕ್ಕೆ ವಾಲಿತು.

"ಹೊಸಿಲಲ್ಲಿ ಯಾಕೆ ನಿಂತಿದೀಯ ಲವಂಗೂ? ಒಳಗೆ ಬಾ. ಅಮ್ಮ, ಇವಳು ನನ್ನ ಮಗಳು."

"ಇವಳಾ?" ಎಂದಳು ಅವಳು. ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿ, ಸ್ವಲ್ಪ ಸರಿದು ಜಾಗ ಮಾಡಿದಳು. "ನಿನ್ನ ಹಾಗೇ ಹಠಮಾರಿ ಮೂಗು. ಬಾರೇ."

ನಾನು ಒಳಗೆ ಹೋಗಿ ಇಬ್ಬರ ನಡುವೆ ಕೂತೆ. ಗ್ರೀಸು ಮೆತ್ತಿದ ಒರಟು ಬೆರಳುಗಳು ನನ್ನ ರವಿಕೆಯ ತೋಳನ್ನು ಮೇಲೆ ಸರಿಸಿ ಸುಟ್ಟ ಕಲೆಯನ್ನು ಸವರಿದವು. ಎಷ್ಟೋ ದಿನಗಳ ನಂತರ ನನ್ನ ಎದೆ ಹಗುರಾಯಿತು.

ಕೆಳಗೆ ಅವನ ಬಸ್ಸಿನ ಬಳಿ ಸೀಟಿಯಕ್ಕ ಸೀಟಿ ಊದಿದಳು. ಹೊರಡುವ ಹೊತ್ತಾಗಿತ್ತು. ಅವನು ಏಳಲಿಲ್ಲ. ಮತ್ತೊಂದು ಸೀಟಿ, ಉದ್ದನೆಯದು. ಬಸ್ಸಿನೊಳಗಿನ ಜನ ಗೊಣಗುವುದು ಕೇಳಿಸಿತು. ಆಮೇಲೆ ಅವನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಜೇಬಿನ ಅಂಚಿನಿಂದ ಇಣುಕಿದ ಅದರ ತೆರೆಯ ಮೇಲೆ ಒಂದು ಚಿಕ್ಕ ಹುಡುಗಿಯ ಚಿತ್ರ ಕಾಣಿಸುತ್ತಿತ್ತು.

ಅವನು ಎದೆ ಮುಟ್ಟಿ ನೋಡಿಕೊಂಡ. "ಇದೇನೇ ಲವಂಗೂ, ಗುಂಯ್ ಅಂತಿದೆ?"

ನಾನು ಜೇಬಿಗೆ ಕೈ ಹಾಕಿ ಫೋನನ್ನು ತೆಗೆದು ಮಗುಚಿಟ್ಟೆ.

"ಏನಿಲ್ಲಮ್ಮ," ಎಂದೆ.